ಲಗಮಣ್ಣ ಪುಣೆಗೆ ಕರೆದೊಯ್ದ ಒಂಬತ್ತು ಮಂದಿ

ಕುಲಗೋಡದ ಲಗಮಣ್ಣ ೧೯೪೯ರ ಸುಗ್ಗಿಯ ಹೊತ್ತಿಗೆ ಪಲ್ಟಣದಿಂದ ಮನೆಗೆ ಬಂದಾಗ ಊರವರ ಕಣ್ಣು ಮೊದಲು ಹೋದದ್ದು ಅವನ ತಲೆಯ ಮೇಲೆ. ಎಡಗಿವಿಯ ಮೇಲ್ಗಡೆ ಅಂಗೈಯಗಲ ಜಾಗದಲ್ಲಿ ಕೂದಲಿರಲಿಲ್ಲ. ಅಲ್ಲಿ ಚರ್ಮ ಒಳಕ್ಕೆ ಕುಸಿದಿತ್ತು, ಬೆರಳಿಟ್ಟರೆ ನಾಡಿ ಬಡಿಯುವುದು ತಿಳಿಯುತ್ತಿತ್ತು. ಹಿಂದಿನ ವರ್ಷ ಕಾಶ್ಮೀರದ ಗುಡ್ಡವೊಂದರ ಮೇಲೆ ಮಹಾರ ಪಲ್ಟಣದ ಮಷಿನ್‌ಗನ್ನಿನ ಹಿಂದೆ ಕೂತಿದ್ದಾಗ, ತೋಪಿನ ಗುಂಡು ಬಂಡೆಗೆ ಬಡಿದು ಸಿಡಿದ ಚೂರೊಂದು ಅಲ್ಲಿ ಹೊಕ್ಕಿತ್ತು. ಮಿಲಿಟರಿ ಡಾಕ್ಟರರು ಚೂರು ತೆಗೆದು, ಆರು ತಿಂಗಳು ಹಾಸಿಗೆಯಲ್ಲಿಟ್ಟುಕೊಂಡು ಅವನನ್ನು ಬದುಕಿಸಿದ್ದರು. ಬಿಡುಗಡೆಯ ಕಾಗದದಲ್ಲಿ ‘ಮಾತು ಸರಿಯಾಗಿದೆ’ ಎಂದು ಬರೆದು ಸಹಿ ಹಾಕಿದ್ದರು.

ಅಂಗಳದಲ್ಲಿ ತಾಯಿ ರಾಯವ್ವ ಅವನ ಎರಡೂ ಕೈ ಹಿಡಿದುಕೊಂಡು, “ಊಟಕ್ಕ ಏನ ಮಾಡ್ಲಿ ಯಪ್ಪಾ?” ಎಂದು ಕೇಳಿದಳು.

ಲಗಮಣ್ಣನಿಗೆ ಪ್ರಶ್ನೆ ಚೆನ್ನಾಗಿ ತಿಳಿಯಿತು. ಉತ್ತರವೂ ಕಣ್ಣ ಮುಂದಿತ್ತು. ರೊಟ್ಟಿಯ ಜೊತೆ ಹಸಿ ಉಳ್ಳಾಗಡ್ಡಿ, ಗಟ್ಟಿ ಮೊಸರು. ಆದರೆ ಹೆಸರುಗಳು ಬಾಯಿಗೆ ಬರಲಿಲ್ಲ. ತುಟಿ ಅಲ್ಲಾಡಿತು, ಬಂದದ್ದು ಬೇರೆಯೇ ಮಾತು. “ಪ್ಯಾಜ್,” ಎಂದ. “ಔರ್ ದಹಿ.”

ರಾಯವ್ವ ಸೊಸೆ ಸತ್ತೆವ್ವನ ಮುಖ ನೋಡಿದಳು. ಸತ್ತೆವ್ವ ಗಂಡನ ಮುಖ ನೋಡಿದಳು.

ಆಸ್ಪತ್ರೆಯಲ್ಲಿ ಅವನನ್ನು ಪ್ರಶ್ನೆ ಕೇಳಿದವರೆಲ್ಲ ಹಿಂದುಸ್ತಾನಿಯಲ್ಲಿ ಕೇಳಿದ್ದರು, ಅವನು ಹಿಂದುಸ್ತಾನಿಯಲ್ಲಿ ಉತ್ತರ ಕೊಟ್ಟಿದ್ದ. ವಾರ್ಡಿನಲ್ಲಿ ಕನ್ನಡದವನು ಒಬ್ಬನೂ ಇರಲಿಲ್ಲ. ತನ್ನ ಕನ್ನಡ ಹೋಗಿಬಿಟ್ಟಿದೆ ಎಂಬುದು ಲಗಮಣ್ಣನಿಗೇ ಗೊತ್ತಾದದ್ದು ಹೆತ್ತ ತಾಯಿಯ ಮುಂದೆ ನಿಂತಾಗ. ಪಲ್ಟಣದಲ್ಲಿ ಐದು ವರ್ಷ ಕಲಿತ ಮಾತು ಉಳಿದಿತ್ತು, ಮೊಲೆಹಾಲಿನ ಜೊತೆ ಕಲಿತದ್ದು ಅಳಿಸಿಹೋಗಿತ್ತು. ಬೇರೆಯವರು ಆಡಿದ ಕನ್ನಡವೆಲ್ಲ ತಿಳಿಯುತ್ತಿತ್ತು. ಆಡಲು ಹೋದರೆ ‘ಹೂಂ’, ‘ಇಲ್ಲ’ ಬಿಟ್ಟು ಮುಂದಕ್ಕೆ ಏನೂ ಇಲ್ಲ.

ಊರು ತನಗೆ ತಿಳಿದ ಹಾಗೆ ಅರ್ಥ ಮಾಡಿಕೊಂಡಿತು. ಕಾಶ್ಮೀರದಲ್ಲಿ ಸತ್ತ ಯಾರೋ ಪಠಾಣನ ಗಾಳಿ ಇವನ ಮೈಯಲ್ಲಿ ಸೇರಿ ಮಾತಾಡುತ್ತಿದೆ ಎಂದರು. ಬೇವಿನ ಸೊಪ್ಪಿನಿಂದ ಹೊಡೆದರು, ಮೆಣಸಿನಕಾಯಿಯ ಹೊಗೆ ಹಾಕಿದರು. ಕೆಮ್ಮಿ ಕೆಮ್ಮಿ ಕಣ್ಣೀರು ಬಂದಾಗಲೂ ಅವನು ಬೈದದ್ದು ಹಿಂದುಸ್ತಾನಿಯಲ್ಲೇ. ಅದರಿಂದ ಅವರ ನಂಬಿಕೆ ಮತ್ತಷ್ಟು ಗಟ್ಟಿಯಾಯಿತು.

ನಂಬದೆ ಉಳಿದವಳು ರಾಯವ್ವ ಒಬ್ಬಳೇ. ಮಗನ ನಗು, ಉಣ್ಣುವ ರೀತಿ, ಸಿಟ್ಟು ಬಂದಾಗ ಮೂಗು ಕೆಂಪಗಾಗುವುದು, ಎಲ್ಲ ಹಳೆಯದೇ ಇತ್ತು. “ಹುಡುಗ ನಂದ ಅದಾನ. ಮಾತ ಅಷ್ಟ ಬ್ಯಾರೆ ಆಗೈತಿ,” ಎಂದಳು. ಮರುವಾರದಿಂದ ಅವಳು ಗಾದಿ ತುಂಬುವ ಪಿಂಜಾರರ ಮುದುಕಿಯ ಮನೆಯ ಕಟ್ಟೆಗೆ ಹೋಗಿ ಕೂಡತೊಡಗಿದಳು. ಹತ್ತಿ ಬಿಡಿಸಿಕೊಡುವುದು, ಬದಲಿಗೆ ದಿನಕ್ಕೆ ಎರಡು ಹಿಂದುಸ್ತಾನಿ ಮಾತು ಕಲಿಯುವುದು. ನಮಕ್ ಅಂದರೆ ಉಪ್ಪು, ಬುಖಾರ್ ಅಂದರೆ ಜ್ವರ. ರಾಯವ್ವ ಅರವತ್ತು ದಾಟಿದವಳು, ಸಾಲಿಯ ಮೆಟ್ಟಿಲು ಹತ್ತಿದವಳಲ್ಲ. ಒಂದು ವರ್ಷದೊಳಗೆ ಮಗ ಹೇಳಿದ್ದನ್ನೆಲ್ಲ ಮನೆಯವರಿಗೆ ಕನ್ನಡ ಮಾಡಿ ಹೇಳುವಷ್ಟಾದಳು.

ಐದು ವರ್ಷ ಹೀಗೆ ನಡೆಯಿತು. ಲಗಮಣ್ಣ ದನ ಕಾಯ್ದ, ಕಬ್ಬು ಕಡಿದ, ಜೋಳ ಕೊಯ್ದ. ಕೆಲಸಕ್ಕೆ ಮಾತು ಬೇಕಿರಲಿಲ್ಲ. ಮಂದಿಯ ನಡುವೆ ಕೂಡುವುದನ್ನು ಮಾತ್ರ ಬಿಟ್ಟ.

೧೯೫೪ರಲ್ಲಿ ಅವನ ಹೆಸರಿಗೆ ಒಂದು ಕಾಗದ ಬಂತು. ಸಾಲಿ ಮಾಸ್ತರ ಸೋಮಪ್ಪನವರು ಅದನ್ನು ಅಂಗಳದಲ್ಲಿ ನಿಂತೇ ಓದಿ ಹೇಳಿದರು. ಪುಣೆಯ ಮಿಲಿಟರಿ ಆಸ್ಪತ್ರೆಯೊಂದರಿಂದ ಬಂದದ್ದು. ಯುದ್ಧದಲ್ಲಿ ತಲೆಗೆ ಗಾಯವಾದ ಸಿಪಾಯಿಗಳು ವರ್ಷಗಳ ಮೇಲೆ ಹೇಗಿದ್ದಾರೆ ಎಂದು ತಿಳಿಯಲು ಅಲ್ಲಿ ಒಂದು ಸಂಶೋಧನೆ ಶುರುವಾಗಿದೆ. ಬಂದರೆ ಎರಡು ವಾರ ಇಟ್ಟುಕೊಂಡು ಪರೀಕ್ಷೆ ಮಾಡುತ್ತಾರೆ. ಬರುವುದು ಬಿಡುವುದು ಅವರವರ ಇಚ್ಛೆ. ಇದರಿಂದ ಬಂದವರ ರೋಗ ವಾಸಿಯಾಗುತ್ತದೆ ಎಂಬ ಭರವಸೆ ಇಲ್ಲ. ಮುಂದೆ ಗಾಯಗೊಳ್ಳುವವರಿಗೆ ಉಪಯೋಗವಾಗಬಹುದು.

ಸುದ್ದಿ ಓಣಿಗೆ ಹಬ್ಬುವ ಹೊತ್ತಿಗೆ ಅದಕ್ಕೆ ಕೋಡು ಮೂಡಿದ್ದವು. ತಲೆ ಕೊಯ್ದು ಒಳಗಿನದನ್ನು ಗಾಜಿನ ಬರಣಿಯಲ್ಲಿ ಹಾಕಿಡುತ್ತಾರಂತೆ ಎಂದರು.

ಸತ್ತೆವ್ವ ಬರಣಿಯ ಮಾತು ನಂಬಲಿಲ್ಲ. ಅವಳ ತಕರಾರು ಬೇರೆ. “ವಾಸಿ ಆಗೂದಿಲ್ಲಂತ ಅವರ ಬರದಾರ. ಮತ್ತ ಯಾಕ ಹೋಗೂದು?”

ಲಗಮಣ್ಣ ಕಾಗದದ ಮೇಲೆ ಬೆರಳಿಟ್ಟು, “ಪಾಂಚ್ ಸಾಲ್ ಕಿಸೀನೆ ಪೂಛಾ ನಹೀಂ. ಯೇ ಪೂಛ್ ರಹಾ ಹೈ,” ಎಂದ.

ಸತ್ತೆವ್ವ ಅತ್ತೆಯ ಕಡೆ ತಿರುಗಿದಳು. ರಾಯವ್ವ ಕಣ್ಣೊರೆಸಿಕೊಂಡು ಹೇಳಿದಳು. “ಐದ ವರ್ಷ ಯಾರೂ ಕೇಳಲಿಲ್ಲಂತ. ಇವರ ಕೇಳಾಕತ್ತಾರಂತ.”

ಸತ್ತೆವ್ವ ಎದ್ದು ಹೋಗಿ ದಾರಿಗೆಂದು ಹಿಟ್ಟು ಜರಡಿ ಹಿಡಿಯತೊಡಗಿದಳು.

ಪುಣೆಯಲ್ಲಿ ಸಂಶೋಧನೆ ನಡೆಸುತ್ತಿದ್ದ ಡಾಕ್ಟರರು ಕ್ಯಾಪ್ಟನ್ ಶಿದ್ರಾಮ, ತೆಳ್ಳಗಿನ ಆಳು, ಬೇಗ ನಡೆಯುವವರು. ಮೊದಲ ದಿನ ಹಿಂದುಸ್ತಾನಿಯಲ್ಲಿ ಹೆಸರು, ಪಲ್ಟಣ, ಗಾಯದ ತಾರೀಖು ಕೇಳಿದರು. ಲಗಮಣ್ಣ ತಡೆಯಿಲ್ಲದೆ ಹೇಳಿದ. ಅವರು ಹಳೆಯ ಕಾಗದ ನೋಡಿದರು. ಮಾತು ಸರಿಯಾಗಿದೆ. ಆಮೇಲೆ ಊರಿನ ಹೆಸರಿನ ಮೇಲೆ ಕಣ್ಣು ಬಿತ್ತು.

“ಕುಲಗೋಡದವ್ರೇನ್ರಿ? ನಮ್ದ ಸಂಕೇಶ್ವರ. ಹುಕ್ಕೇರಿ ಬಾಜೂಕ. ಮಳಿ ಹ್ಯಾಂಗೈತ್ರಿ ಈ ವರ್ಷ?”

ತನಗೆ ‘ರಿ’ ಹಚ್ಚಿ ಮಾತಾಡಿದ ಸಾಹೇಬನನ್ನು ಲಗಮಣ್ಣ ಅಲ್ಲಿಯ ತನಕ ಕಂಡಿರಲಿಲ್ಲ. ಉತ್ತರ ಕೊಡಲೇಬೇಕು ಅನ್ನಿಸಿತು. ಬಾಯಿ ತೆರೆದ. ಕುರ್ಚಿಯ ಹಿಡಿ ಬಿಗಿಯಾಗಿ ಹಿಡಿದ. ಹಣೆಯ ಮೇಲೆ ಬೆವರು ಮೂಡಿತು. ಒಂದು ಶಬ್ದವೂ ಹೊರಡಲಿಲ್ಲ.

ಡಾಕ್ಟರರು ಲೇಖನಿ ಕೆಳಗಿಟ್ಟರು. “ಮಾತ ತಿಳೀತೈತಿ. ಆಡಾಕ ಬರವಲ್ದು. ಹೌದೇನ್ರಿ?”

ಲಗಮಣ್ಣ ತಲೆಯಾಡಿಸಿದ. ಗಾಳಿಯೂ ಅಲ್ಲ, ಪಠಾಣನೂ ಅಲ್ಲ, ಏನಾಗಿದೆ ಎಂದು ಐದು ವರ್ಷದ ಮೇಲೆ ಒಬ್ಬ ಮನುಷ್ಯ ಎರಡು ಮಾತಿನಲ್ಲಿ ಹೇಳಿದ್ದ. ಅವನು ಮುಖ ಮುಚ್ಚಿಕೊಂಡು ಅತ್ತ. ಡಾಕ್ಟರರು ಕಿಟಕಿಯ ಕಡೆ ನೋಡುತ್ತ ಕೂತರು, ಅವಸರ ಮಾಡಲಿಲ್ಲ.

ಪರೀಕ್ಷೆಗಳು ನಡೆದವು. ತಲೆಗೆ ತಂತಿ ಹಚ್ಚಿ ಕಾಗದದ ಮೇಲೆ ಗೆರೆ ತೆಗೆದರು. ಸೂಜಿ ಚುಚ್ಚಿ ಎಲ್ಲಿ ತಾಕುತ್ತದೆ ಎಂದು ಕೇಳಿದರು. ಹೆಸರು ಹೇಳಿಸಲು ಒಂದು ಕಟ್ಟು ಚಿತ್ರಗಳಿದ್ದವು, ಪರದೇಶದಲ್ಲಿ ಅಚ್ಚಾದವು. ಪಿಯಾನೊ, ಹಡಗಿನ ಲಂಗರು, ಕೊಳವೆಯಂಥ ಉದ್ದನೆಯ ಟೋಪಿ. ಲಗಮಣ್ಣ ಒಂದೊಂದನ್ನೂ ತಿರುಗಿಸಿ ನೋಡಿ ಹಿಂದಕ್ಕೆ ಕೊಟ್ಟ. ಇವುಗಳ ಹೆಸರು ನನಗೆ ಗುಂಡು ಬೀಳುವ ಮೊದಲೂ ಗೊತ್ತಿರಲಿಲ್ಲ ಸಾಹೇಬ, ಎಂದ ಹಿಂದುಸ್ತಾನಿಯಲ್ಲಿ. ನನ್ನ ಮನೆಯಲ್ಲಿ ಇದ್ದದ್ದನ್ನು ಕೇಳಿದರೆ ಏನು ಕಳೆದಿದೆ ಅಂತ ತಿಳಿದೀತು.

ಡಾಕ್ಟರರು ಆ ಮಾತನ್ನು ಹಾಗೇ ಬರೆದುಕೊಂಡರು.

ಕೊನೆಯ ಪರೀಕ್ಷೆಯ ಹಿಂದಿನ ದಿನ ಅವರು ಅವನ ಹಾಸಿಗೆಯ ಪಕ್ಕ ಬಂದು ಕೂತರು. “ಲಗಮಣ್ಣ, ಇದನ್ನ ಸರಿಯಾಗಿ ಕೇಳ್ರಿ. ಬೆನ್ನಾಗ ಸೂಜಿ ಚುಚ್ಚಿ ನೀರ ತಗದು ಗಾಳಿ ಬಿಡ್ತೇವಿ. ಗಾಳಿ ತಲಿಗೆ ಏರತೈತಿ. ಆಗ ಫೋಟೊ ತಗದ್ರ ಗಾಯ ಕಾಣತೈತಿ. ಮೂರು ದಿನ ತಲಿ ಸಿಡದ ಹೋದಂಗ ನೋಯ್ತೈತಿ. ನಿಮಗ ಇದರಿಂದ ಏನೂ ಲಾಭ ಇಲ್ಲ. ಬ್ಯಾಡ ಅಂದ್ರ ನಾ ಏನೂ ತಿಳಕೊಳ್ಳೂದಿಲ್ಲ.”

ಲಗಮಣ್ಣ ಒಂದೇ ಪ್ರಶ್ನೆ ಕೇಳಿದ. ನನ್ನ ಹಾಗೆ ಮಾತು ಹೋದವರು ಇನ್ನೂ ಇದ್ದಾರೆಯೇ? ಇದ್ದೇ ಇದ್ದಾರೆ, ಎಲ್ಲಿದ್ದಾರೋ ಗೊತ್ತಿಲ್ಲ ಎಂದರು ಡಾಕ್ಟರರು. ಅರವತ್ತು ಮಂದಿಗೆ ಕಾಗದ ಬರೆದರೆ ಬಂದವರು ಏಳು ಜನ.

“ಕರೋ,” ಎಂದ ಲಗಮಣ್ಣ.

ನೋವು ಅವರು ಹೇಳಿದ್ದಕ್ಕಿಂತ ಹೆಚ್ಚಿತ್ತು. ಮೂರು ದಿನ ಅವನು ತಲೆ ಎತ್ತಲಿಲ್ಲ, ಹೊಟ್ಟೆಗೆ ಹಾಕಿದ್ದು ನಿಲ್ಲಲಿಲ್ಲ. ನಾಲ್ಕನೆಯ ದಿನ ಎದ್ದು ಕೂತವನೇ ಫೋಟೊ ತೋರಿಸಿ ಎಂದ. ಡಾಕ್ಟರರು ಅದನ್ನು ಬೆಳಕಿಗೆ ಹಿಡಿದರು. ಎಡಗಡೆ ಒಂದು ಕಪ್ಪು ಗುಳಿ. ಅಲ್ಲಿ ನನ್ನ ಕನ್ನಡ ಇತ್ತೇ ಎಂದು ಅವನು ಕೇಳಿದ.

“ಅಲ್ಲಿ ಅಷ್ಟ ಇದ್ದಿದ್ರ ನಾ ಆಡಿದ ಕನ್ನಡ ನಿಮಗ ತಿಳೀತಿತ್ತೇನು?” ಎಂದರು ಡಾಕ್ಟರರು. “ಕನ್ನಡ ಒಳಗ ಐತಿ. ಬಾಯಿಗೆ ಬರೂ ದಾರಿ ಕೆಟ್ಟೈತಿ. ದಾರಿ ಮತ್ತ ಬೀಳತೈತೋ ಇಲ್ಲೋ, ನಾ ಹೇಳಲಾರೆ. ನೋಡೂಣು.”

ಊರಿಗೆ ಹೊರಡುವಾಗ ಅವರು ಮಾಡಬೇಕಾದ್ದನ್ನು ಕಾಗದದಲ್ಲಿ ಬರೆದುಕೊಟ್ಟರು. ಸೋಮಪ್ಪ ಮಾಸ್ತರರು ಅದನ್ನು ರಾಯವ್ವನಿಗೆ ಓದಿ ಹೇಳಿದರು. ಮನೆಯ ಸಾಮಾನುಗಳನ್ನು ಒಂದೊಂದಾಗಿ ಕೈಯಲ್ಲಿ ಕೊಡಬೇಕು. ಹೆಸರು ಹೇಳಿಕೊಡಬಾರದು. ಬಹಳ ತಡವರಿಸಿದರೆ ಮೊದಲನೆಯ ಅಕ್ಷರವನ್ನಷ್ಟೇ ಹೇಳಬೇಕು. ದಿನಾ ಬೆಳಿಗ್ಗೆ ಒಂದು ತಾಸು, ಬಿಡದೆ.

ರಾಯವ್ವ ಒಂದು ಗೋಣಿಚೀಲದಲ್ಲಿ ಕಳೆ ಕೀಳುವ ಕುರಪಿ, ಕುಡಗೋಲು, ನೀರಿನ ಚರಗಿ, ಜೋಳದ ತೆನೆ, ಎತ್ತಿನ ಕೊರಳ ಗೆಜ್ಜೆ, ಎಲೆ ಚೀಲ, ಬೆಲ್ಲದ ತುಂಡು, ಕೌದಿಯ ಚೂರು ತುಂಬಿದಳು. ಮೊದಲ ಹದಿನೆಂಟು ದಿನ ಏನೂ ಆಗಲಿಲ್ಲ. ಮುದುಕಿ ‘ಕು’ ಎನ್ನುತ್ತಿದ್ದಳು, ಮಗ ‘ಕು’ ಎನ್ನುತ್ತಿದ್ದ, ಅಲ್ಲಿಗೆ ನಿಲ್ಲುತ್ತಿತ್ತು. ಹತ್ತೊಂಬತ್ತನೆಯ ದಿನ ಅವಳು ‘ಕು’ ಅಂದದ್ದಕ್ಕೆ ಅವನು “ಕುರಪಿ” ಎಂದ. ಅಂದದ್ದು ತನಗೇ ಕೇಳಿಸದವನ ಹಾಗೆ ಸ್ವಲ್ಪ ಹೊತ್ತು ಕೂತ. ಮತ್ತೆ ಕುರಪಿಯನ್ನು ಎತ್ತಿಕೊಂಡು ಅಂಗಳದ ತುಂಬ ಅದೇ ಮಾತು ಹೇಳುತ್ತ ಓಡಾಡಿದ. ಆ ದಿನ ಅವನು ಕೆಲಸಕ್ಕೆ ಹೋಗಲಿಲ್ಲ.

ಆಮೇಲೆ ಮಾತುಗಳು ಒಂದೊಂದೇ ಬಂದವು, ಕೆಲವು ಬೇಗ, ಕೆಲವು ತಿಂಗಳುಗಟ್ಟಲೆ ಸತಾಯಿಸಿ. ಚರಗಿಗೆ ಗಂಗಾಳ ಎನ್ನುತ್ತಿದ್ದ, ತಪ್ಪೆಂದು ತಿಳಿದು ತಲೆ ಕೊಡವುತ್ತಿದ್ದ. ವರ್ಷ ತಿರುಗುವಷ್ಟರಲ್ಲಿ ಚೀಲ ಖಾಲಿ ಮಾಡಿ ಎಲ್ಲದರ ಹೆಸರು ಹೇಳುವಂತಾದ. ಒಂದು ಮುಂಜಾನೆ ರಾಯವ್ವ ಚೀಲ ಮುಗಿದ ಮೇಲೆ, ಚೇಷ್ಟೆಗೆಂದು, ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಸೊಸೆಯ ಕಡೆ ಬೆರಳು ತೋರಿಸಿ, “ಇದೇನಪ್ಪಾ?” ಎಂದಳು.

ಗಂಡ ಹೆಂಡತಿಯ ಹೆಸರು ಹಿಡಿದು ಕರೆಯುವ ರೂಢಿ ಆ ಮನೆಯಲ್ಲಿ ಇರಲಿಲ್ಲ. ಹೀಗಾಗಿ ಆ ಹೆಸರೂ ಅವನಿಂದ ಹೋಗಿತ್ತೆಂಬುದು ಅವನೊಬ್ಬನಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಯಾರೂ ಅಕ್ಷರ ಹೇಳಿಕೊಡಲಿಲ್ಲ.

“ಸತ್ತೆವ್ವ,” ಎಂದ ಲಗಮಣ್ಣ.

ರೊಟ್ಟಿಯ ಸಪ್ಪಳ ನಿಂತಿತು. ಸತ್ತೆವ್ವ ತಿರುಗಲಿಲ್ಲ. ಸೆರಗು ಮುಂದಕ್ಕೆಳೆದುಕೊಂಡು, “ರೊಟ್ಟಿ ಹೊತ್ತಿ ಹೋಗಾಕತ್ತೈತಿ, ಸುಮ್ಕಿರ್ರಿ ಇಬ್ರೂ,” ಎಂದಳು. ಹಂಚಿನ ಮೇಲೆ ರೊಟ್ಟಿಯೇ ಇರಲಿಲ್ಲ.

೧೯೫೭ರಲ್ಲಿ ಲಗಮಣ್ಣ ಮೂರನೆಯ ಸಲ ಪುಣೆಗೆ ಹೋದಾಗ ಚೀಲವನ್ನು ಜೊತೆಗೆ ಒಯ್ದ. ಡಾಕ್ಟರ ಶಿದ್ರಾಮರು ಒಂದೊಂದು ಸಾಮಾನನ್ನೂ ಎತ್ತಿ ನೋಡಿ, ಪಿಯಾನೊದ ಚಿತ್ರಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಆದರೆ ಅವರ ಮುಖದಲ್ಲಿ ಗೆಲುವಿರಲಿಲ್ಲ. ಸಂಶೋಧನೆ ನಿಲ್ಲುವ ಹಾಗಿತ್ತು. ಇಷ್ಟು ಕಡಿಮೆ ಮಂದಿಯಿಂದ ಏನನ್ನೂ ಸಿದ್ಧ ಮಾಡಲಾಗದು ಎಂದು ಮೇಲಿನವರು ಹೇಳಿದ್ದರು. ಮತ್ತೆ ಬರೆದ ಕಾಗದಗಳಿಗೂ ಉತ್ತರವಿರಲಿಲ್ಲ.

“ಕಾಗದಕ್ಕ ಯಾರ ಬರ್ತಾರ್ರಿ ಸಾಹೇಬ್ರ,” ಎಂದ ಲಗಮಣ್ಣ, ನಿಧಾನವಾಗಿ, ಮಾತು ಆರಿಸಿಕೊಳ್ಳುತ್ತ. “ಓದಾಕ ಬರಾಂಗಿಲ್ಲ. ಬಂದ್ರೂ ಅಂಜಿಕಿ. ನಮ್ಮ ಕಡಿಯವರ ಹೆಸರ ಕೊಡ್ರಿ. ನಾ ಹೋಗಿ ಕೇಳ್ತೇನಿ.”

ಡಾಕ್ಟರರು ಅವನನ್ನೇ ನೋಡಿದರು. ಮಾತು ಕಳೆದುಕೊಂಡವನೊಬ್ಬ ಮಾತಾಡಿ ಮಂದಿಯನ್ನು ಒಪ್ಪಿಸಿ ಕರೆತರುತ್ತೇನೆ ಎನ್ನುತ್ತಿದ್ದ. ಅವರು ಪಟ್ಟಿ ಕೊಟ್ಟರು. ಗೋಕಾಕ, ಮೂಡಲಗಿ, ಹುಕ್ಕೇರಿ ಸುತ್ತಿನ ಹದಿಮೂರು ಹೆಸರು.

ಮುಂಗಾರಿ ಸುಗ್ಗಿ ಮುಗಿದ ಮೇಲೆ ಲಗಮಣ್ಣ ಹೊರಟ. ಬಸ್ಸು ಸಿಕ್ಕರೆ ಬಸ್ಸು, ಇಲ್ಲದಿದ್ದರೆ ನಡಿಗೆ. ಹದಿಮೂರರಲ್ಲಿ ಇಬ್ಬರು ತೀರಿಕೊಂಡಿದ್ದರು. ಒಬ್ಬನ ಮನೆಯವರು ಬಾಗಿಲು ತೆರೆಯಲೇ ಇಲ್ಲ, ಇನ್ನೊಬ್ಬ ಬರಲು ಒಪ್ಪಲಿಲ್ಲ.

ಅರಭಾವಿಯಲ್ಲಿ ವೀರಪ್ಪನವರ ಮನೆ. ಲಿಂಗಾಯತರು, ಎರಡು ಜೋಡಿ ಎತ್ತಿನ ಒಕ್ಕಲುತನ. ಮರಾಠಾ ಪಲ್ಟಣದಲ್ಲಿ ಇಟಲಿಗೆ ಹೋಗಿ ಬಂದವರು. ಲಗಮಣ್ಣ ಅಂಗಳದ ಅಂಚಿನಲ್ಲೇ ನಿಂತ, ಹೊಲಗೇರಿಯಿಂದ ಬಂದವರು ನಿಲ್ಲುವುದು ಅಲ್ಲಿಯೇ. ವೀರಪ್ಪನವರ ಹೆಂಡತಿ ಲಕ್ಕವ್ವ ಬಾಗಿಲಲ್ಲಿ ನಿಂತು, ಅವರಿಗೆ ಏನೂ ಆಗಿಲ್ಲ, ಆರಾಮದಲ್ಲಿದ್ದಾರೆ ಎಂದಳು. ಮಗಳ ಮದುವೆಯ ಮಾತು ನಡೆದಿತ್ತು, ಇಂಥ ಸುದ್ದಿ ಹೊರಬೀಳುವುದು ಅವಳಿಗೆ ಬೇಕಿರಲಿಲ್ಲ.

ಲಗಮಣ್ಣ ರುಮಾಲು ತೆಗೆದು ತಲೆ ಬಗ್ಗಿಸಿ ತನ್ನ ಗಾಯ ತೋರಿಸಿದ. “ನಂಗೂ ಆಗೇತ್ರಿ ಯವ್ವಾ. ಪುಣೇದಾಗ ಒಬ್ರು ಡಾಕ್ಟರ ಅದಾರ. ಯಾರಿಗರ... ಯಾರಿಗರ ಅದು ಬರ್ತಿದ್ರ...” ಮಾತು ಸಿಕ್ಕಿಕೊಂಡಿತು. ಕೈ ಬಿಗಿ ಹಿಡಿದ, ಕಣ್ಣು ಮುಚ್ಚಿದ, ಬೆವರಿದ. “ಅದು ಬಿದ್ದ ಒದ್ದಾಡೂದು... ಏನಂತಾರ ಅದಕ್ಕ...”

“ಮೂರ್ಛಿ,” ಎಂದಿತು ಒಳಗಿನ ಕತ್ತಲೆಯಿಂದ ಒಂದು ಗಂಡು ದನಿ.

ಲಕ್ಕವ್ವ ಬೆದರಿ ಹಿಂದಕ್ಕೆ ತಿರುಗಿದಳು. ವೀರಪ್ಪನವರು ಹೊರಗೆ ಬಂದರು. ಎತ್ತರದ ಆಳು, ಗದ್ದದ ಮೇಲೆ ಬಿದ್ದು ಪೆಟ್ಟಾದ ಹಳೆಯ ಗುರುತುಗಳು. ಕಟ್ಟೆಯ ಮೇಲೆ ಕೂತು ಲಗಮಣ್ಣನ ತಲೆಯನ್ನೇ ದಿಟ್ಟಿಸಿದರು. “ತಿಂಗಳಿಗೆ ನಾಕೈದ ಸಲ ಬರ್ತೈತಿ. ಹದಿಮೂರ ವರ್ಷ ಆತು. ಅವರೇನ ಮಾಡ್ತಾರ, ಖರೆ ಹೇಳು.”

ಲಗಮಣ್ಣ ಖರೆ ಹೇಳಿದ. ತಂತಿ, ಸೂಜಿ, ಗಾಳಿ ತುಂಬುವುದು, ಮೂರು ದಿನದ ನೋವು, ವಾಸಿಯ ಭರವಸೆ ಇಲ್ಲದ್ದು, ಯಾವುದನ್ನೂ ಬಿಡಲಿಲ್ಲ. ಗಾಳಿಯ ಪರೀಕ್ಷೆ ಬೇಡವೆಂದರೆ ಬಿಡುತ್ತಾರೆ ಎಂದೂ ಹೇಳಿದ. ಲಕ್ಕವ್ವ ಕೇಳುತ್ತ ಕೇಳುತ್ತ ಬಾಗಿಲ ಚೌಕಟ್ಟಿಗೆ ಒರಗಿ ಕೂತಳು. ನೋವನ್ನು ಮುಚ್ಚಿಡದೆ ಹೇಳಿದ್ದಕ್ಕೇ ವೀರಪ್ಪನವರು ನಂಬಿದರು. “ಬರ್ತೇನಿ. ಗಾಡಿ ಯಾವಾಗ?” ಎಂದರು.

ಹಿಡಕಲ್ಲಿನಲ್ಲಿ ಕಂಡದ್ದನ್ನು ಮಾತ್ರ ಲಗಮಣ್ಣ ಬಹಳ ದಿನ ಮರೆಯಲಿಲ್ಲ. ಅಲ್ಲಿ ಹೊಳೆಪ್ಪ ಎಂಬವನನ್ನು ದನದ ಕೊಟ್ಟಿಗೆಯ ಕಂಬಕ್ಕೆ ಕಾಲಿಗೆ ಹಗ್ಗ ಹಾಕಿ ಕಟ್ಟಿದ್ದರು. ಅಣ್ಣ ಅಲ್ಲಪ್ಪ ಕೆಟ್ಟವನಲ್ಲ. ತಮ್ಮ ಎರಡು ಸಲ ಹೊಳೆಯ ಮಡುವಿಗೆ ಇಳಿದಿದ್ದ, ಕಾಯಲು ಮನೆಯಲ್ಲಿ ಬೇರೆ ಆಳಿರಲಿಲ್ಲ. ಒಂಬತ್ತು ವರ್ಷದಿಂದ ಒಂದು ಮಾತಾಡಿಲ್ಲ, ಮಾತು ಹೋಗಿದೆ, ಬುದ್ಧಿಯೂ ಹೋಗಿದೆ ಎಂದ ಅಲ್ಲಪ್ಪ.

ಲಗಮಣ್ಣ ಹುಲ್ಲಿನ ಮೇಲೆ ಹೊಳೆಪ್ಪನ ಎದುರಿಗೆ ಕೂತ. ಕನ್ನಡದಲ್ಲಿ ಮಾತಾಡಿಸಿದ. ಹೊಳೆಪ್ಪ ಹುಲ್ಲು ಕಡ್ಡಿ ಮುರಿಯುತ್ತ ಕೂತಿದ್ದ, ತಲೆ ಎತ್ತಲಿಲ್ಲ. ಲಗಮಣ್ಣನಿಗೆ ತನ್ನ ವಾರ್ಡಿನ ದಿನಗಳು ನೆನಪಾದವು, ಏನೂ ಬಾರದಿದ್ದಾಗಲೂ ಬಾಯಿಗೆ ತಾನಾಗಿ ಬರುತ್ತಿದ್ದ ಮಾತುಗಳು. ಎದ್ದು ನಿಂತ. ಹಿಮ್ಮಡಿ ಕೂಡಿಸಿದ. ಪರೇಡಿನ ಮೈದಾನದ ದನಿಯಲ್ಲಿ, “ಸಾವ್‌ಧಾನ್,” ಎಂದು ಕೂಗಿದ.

ಹೊಳೆಪ್ಪ ಎದ್ದು ನಿಂತ. ಎದೆ ಮುಂದೆ ಬಂತು, ಕೈ ಪಕ್ಕಕ್ಕೆ ಬಿಗಿಯಾದವು, ಕಾಲಿನ ಹಗ್ಗ ಜಗ್ಗಿ ನೆಟ್ಟಗಾಯಿತು.

“ನಂಬರ್ ಬೋಲೋ.”

ಹೊಳೆಪ್ಪ ತನ್ನ ಪಲ್ಟಣದ ನಂಬರನ್ನು, ಏಳೂ ಅಂಕಿಗಳನ್ನು, ಒಂದೂ ತಪ್ಪದೆ ಹೇಳಿದ. ಹಿಂದೆಯೇ, “ಸಿಪಾಯಿ ಹೊಳೆಪ್ಪ, ಸಾಬ್,” ಎಂದ.

ಅಲ್ಲಪ್ಪನ ಕೈಯಲ್ಲಿದ್ದ ಹುಲ್ಲಿನ ಹೊರೆ ಕೆಳಗೆ ಬಿತ್ತು. ಅವನು ಬಂದು ತಮ್ಮನ ಕಾಲ ಬಳಿ ಕೂತು ಹಗ್ಗ ಬಿಚ್ಚತೊಡಗಿದ. ಜಗ್ಗಿ ಬಿಗಿದ ಗಂಟು ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಲಗಮಣ್ಣ ‘ವಿಶ್ರಾಮ್’ ಎಂದ ಮೇಲೆಯೇ ಹೊಳೆಪ್ಪ ಕಾಲು ಸಡಿಲಿಸಿದ.

೧೯೫೮ರ ಫೆಬ್ರುವರಿಯಲ್ಲಿ ಗೋಕಾಕ ರೋಡ್ ಸ್ಟೇಶನ್ನಿನಲ್ಲಿ ಒಂಬತ್ತು ಮಂದಿ ಲಗಮಣ್ಣನ ಸುತ್ತ ನಿಂತಿದ್ದರು. ಒಬ್ಬನಿಗೆ ಬಲಗೈ ಎತ್ತಲು ಬಾರದು, ಒಬ್ಬನಿಗೆ ಅರ್ಧ ಕಣ್ಣು ಕಾಣದು. ಜೊತೆಗೆ ತಮ್ಮನ ತೋಳು ಹಿಡಿದ ಅಲ್ಲಪ್ಪ. ಗಾಡಿ ಮಿರಜ ದಾಟುವ ಹೊತ್ತಿಗೆ ವೀರಪ್ಪನವರಿಗೆ ಮೂರ್ಛೆ ಬಂತು. ಲಗಮಣ್ಣ ಅವರನ್ನು ಪಕ್ಕಕ್ಕೆ ಹೊರಳಿಸಿ, ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಒದ್ದಾಟ ನಿಲ್ಲುವ ತನಕ ಕೂತ. ಎಚ್ಚರವಾದಾಗ ವೀರಪ್ಪನವರು ನೀರು ಕೇಳಿದರು. ಹತ್ತಿರವಿದ್ದದ್ದು ಲಗಮಣ್ಣನ ಚರಗಿ ಒಂದೇ. ಲಗಮಣ್ಣ ಅನುಮಾನಿಸಿದ. ವೀರಪ್ಪನವರು ಕೈ ಚಾಚಿ ಅದನ್ನು ಇಸಿದುಕೊಂಡು, ತುಟಿ ಹಚ್ಚಿ ಕುಡಿದರು. ಮೇಲೆ ಲಕ್ಕವ್ವ ಕಟ್ಟಿಕೊಟ್ಟ ಬುತ್ತಿ ಬಿಚ್ಚಿ ಇಬ್ಬರ ನಡುವೆ ಇಟ್ಟರು. ರೊಟ್ಟಿಯ ಜೊತೆಗಿದ್ದ ಶೇಂಗಾ ಚಟ್ನಿ ಖಾರವಾಗಿದೆ ಎಂದರು ಅಷ್ಟೆ.

ಪುಣೆಯಲ್ಲಿ ಆರು ವಾರ ಕೆಲಸ ನಡೆಯಿತು. ಕನ್ನಡದ ಪರೀಕ್ಷೆಗಳನ್ನು ಡಾಕ್ಟರರ ಎದುರಿನಲ್ಲಿ ಲಗಮಣ್ಣನೇ ಮಾಡಿಸಿದ. ಗೋಣಿಚೀಲದಿಂದ ಸಾಮಾನು ತೆಗೆದು ಕೈಗೆ ಕೊಡುವುದು, ಕಾಯುವುದು, ಮೊದಲ ಅಕ್ಷರ ಹೇಳುವುದು. ಎಷ್ಟು ಹೊತ್ತು ಕಾಯಬೇಕೆಂಬುದು ಅವನಿಗೆ ಗೊತ್ತಿದ್ದಷ್ಟು ಯಾವ ಡಾಕ್ಟರರಿಗೂ ಗೊತ್ತಿರಲಿಲ್ಲ. ಒಂಬತ್ತರಲ್ಲಿ ನಾಲ್ವರ ಹಳೆಯ ಕಾಗದಗಳಲ್ಲಿ ‘ಮಾತು ಸರಿಯಾಗಿದೆ’ ಎಂದಿತ್ತು. ನಾಲ್ವರೂ ಮನೆಮಾತನ್ನು ಪೂರ್ತಿಯೋ ಅರ್ಧವೋ ಕಳೆದುಕೊಂಡವರು. ವೀರಪ್ಪನವರಿಗೆ ಹೊಸ ಗುಳಿಗೆ ಹತ್ತಿ ಮೂರ್ಛೆ ತಿಂಗಳಿಗೆ ಒಂದಕ್ಕೆ ಇಳಿಯಿತು. ಹೊಳೆಪ್ಪ ಐದನೆಯ ವಾರ ಬೆಲ್ಲದ ತುಂಡನ್ನು ಕೈಯಲ್ಲಿ ಹಿಡಿದು, ಯಾರೂ ಅಕ್ಷರ ಕೊಡದೆ, “ಬೆಲ್ಲ” ಎಂದು ಹೇಳಿ ಬಾಯಿಗೆ ಹಾಕಿಕೊಂಡ.

ಕೊನೆಯ ದಿನ ಡಾಕ್ಟರ ಶಿದ್ರಾಮರು ದೊಡ್ಡ ಕೋಣೆಯಲ್ಲಿ ಬೇರೆ ಡಾಕ್ಟರರ ಮುಂದೆ ತಮ್ಮ ಕೆಲಸವನ್ನು ಓದಿದರು. ಹತ್ತು ಮಂದಿಯೂ ಹಿಂದಿನ ಸಾಲಿನಲ್ಲಿ ಕೂತಿದ್ದರು. ಇಂಗ್ಲಿಷು ಅವರಿಗೆ ತಿಳಿಯಲಿಲ್ಲ. ಓದು ಮುಗಿದಾಗ ನರೆಗೂದಲಿನ ಒಬ್ಬ ಕರ್ನಲ್ ಎದ್ದು ನಿಂತರು. ಲಗಮಣ್ಣನ ಹೆಸರು ಹಿಡಿದು ಕರೆದರು. ಅವನು ಮುಂದೆ ಹೋಗಿ ನೆಟ್ಟಗೆ ನಿಂತ.

“ಈ ಕಾಗದ ಬರೆದವನು ನಾನು,” ಎಂದರು ಕರ್ನಲ್ ಹಿಂದುಸ್ತಾನಿಯಲ್ಲಿ, ಒಂಬತ್ತು ವರ್ಷದ ಹಿಂದಿನ ಹಾಳೆಯನ್ನು ಎತ್ತಿ ಹಿಡಿದು. “ನಿನ್ನನ್ನು ನಿನ್ನ ಮಾತಿನಲ್ಲಿ ಕೇಳಲಿಲ್ಲ. ಅದು ನನ್ನ ತಪ್ಪು.” ಜೇಬಿನಿಂದ ಪೆನ್ನು ತೆಗೆದು ‘ಮಾತು ಸರಿಯಾಗಿದೆ’ ಎಂಬ ಸಾಲನ್ನು ಹೊಡೆದು, ಮೇಲೆ ಬೇರೆ ಸಾಲು ಬರೆದು, ಮತ್ತೆ ಸಹಿ ಹಾಕಿದರು. ಅಲ್ಲಿದ್ದವರೆಲ್ಲ ಎದ್ದರು. ಆ ವರ್ಷದಿಂದ ಆ ಆಸ್ಪತ್ರೆಯಲ್ಲಿ ತಲೆಯ ಗಾಯದ ಸಿಪಾಯಿಯನ್ನು ಮನೆಮಾತು ಬಲ್ಲವನೊಬ್ಬ ಮಾತಾಡಿಸದೆ ಮನೆಗೆ ಕಳಿಸಬಾರದೆಂದು ಆಜ್ಞೆಯಾಯಿತು.

ಕುಲಗೋಡದಲ್ಲಿ ರಾಯವ್ವ ಎಲ್ಲವನ್ನೂ ಕೇಳಿ, “ಮತ್ತ ನೀ ಏನಂದಿ ಅವರಿಗೆ?” ಎಂದಳು.

“ಆದ್ರ ಆತ ಬಿಡ್ರಿ ಸಾಹೇಬ್ರ, ಅಂದ್ನಿ.”

“ಯಾವ ಮಾತಿನ್ಯಾಗ?”

“ಕನ್ನಡದಾಗ,” ಎಂದ ಲಗಮಣ್ಣ. “ಶಿದ್ರಾಮ ಸಾಹೇಬ್ರ ಅವರಿಗೆ ತಿಳಿಸಿ ಹೇಳಿದ್ರು.”

ಮುದುಕಿ ಅದನ್ನು ಓಣಿಯ ಎಲ್ಲ ಮನೆಗಳಿಗೂ ಹೋಗಿ ಹೇಳಿ ಬಂದಳು. ಮೊದಲು ಹೋದದ್ದು ಮೆಣಸಿನಕಾಯಿಯ ಹೊಗೆ ಹಾಕಿದವರ ಮನೆಗೆ.

ಸಂಶೋಧನೆ ಮುಂದುವರಿಯಿತು. ವರ್ಷಕ್ಕೊಮ್ಮೆ ಎಲ್ಲರನ್ನೂ ನೋಡಬೇಕು. ಆದರೆ ಕೈಕಾಲು ಸೋತವರು ಪುಣೆಯ ತನಕ ಹೋಗುವುದು ಕಷ್ಟ. ಡಾಕ್ಟರರನ್ನೇ ಇಲ್ಲಿಗೆ ಕರೆಸೋಣ ಎಂದು ಲಗಮಣ್ಣ ಹಟ ಹಿಡಿದ. ಸೋಮಪ್ಪ ಮಾಸ್ತರರ ಕೈಯಲ್ಲಿ ಎರಡು ವರ್ಷ ಕಾಗದ ಬರೆಯಿಸಿದ. ೧೯೬೧ರ ಜನವರಿಯಲ್ಲಿ, ಗೋಕಾಕದ ಒಂದು ಸಾಲಿಗೆ ರಜೆಯಿದ್ದ ದಿನ, ಡಾಕ್ಟರ ಶಿದ್ರಾಮರು ಎರಡು ಪೆಟ್ಟಿಗೆ ಸಾಮಾನು, ಒಬ್ಬ ಕಂಪೌಂಡರನ ಜೊತೆ ಬಂದಿಳಿದರು. ಇಪ್ಪತ್ತು ಮಂದಿ ಬರಬಹುದೆಂದು, ಪರೀಕ್ಷೆಯ ವಿವರ ಬರೆದುಕೊಳ್ಳಲು ಇಪ್ಪತ್ತು ಹಾಳೆ ತಂದಿದ್ದರು.

ಸಾಲಿಯ ಮುಂದಿನ ಬೇವಿನ ಗಿಡದ ಕೆಳಗೆ ಮಂದಿ ಆಗಲೇ ಸಾಲಾಗಿ ಕೂತಿದ್ದರು. ವೀರಪ್ಪನವರು ಅರಭಾವಿಯಿಂದ ತಮ್ಮ ಗಾಡಿಯಲ್ಲಿ ಆರು ಜನರನ್ನು ಕರೆತಂದಿದ್ದರು, ಅದರಲ್ಲಿ ಇಬ್ಬರು ಅವರೇ ಹುಡುಕಿದವರು. ಹೊಳೆಪ್ಪ ಕೊಡದಿಂದ ನೀರು ತೆಗೆದು ಎಲ್ಲರಿಗೂ ಕೊಡುತ್ತಿದ್ದ. ಒಬ್ಬೊಬ್ಬರಿಗೂ “ನೀರ್ರಿ” ಎನ್ನುತ್ತಿದ್ದ, ಅದು ಅವನಿಗೆ ಹೊಸದಾಗಿ ಬಂದ ಮಾತು.

ಡಾಕ್ಟರರು ಎಣಿಸಿದರು. ಮೂವತ್ತೊಂದು. ಲಗಮಣ್ಣನ ಕಡೆ ತಿರುಗಿ, “ಇಷ್ಟ ಮಂದೀನ ಎಲ್ಲಿಂದ ತಂದ್ರಿ?” ಎಂದರು.

“ಇಷ್ಟ ಅಲ್ರಿ ಸಾಹೇಬ್ರ,” ಎಂದ ಲಗಮಣ್ಣ, ರುಮಾಲು ಸರಿಪಡಿಸಿಕೊಳ್ಳುತ್ತ. “ಹುಕ್ಕೇರಿ ಬಸ್ ಇನ್ನೂ ಬರೂದೈತಿ.”

ಅಷ್ಟರಲ್ಲಿ ರಸ್ತೆಯ ತಿರುವಿನಲ್ಲಿ ಧೂಳೆದ್ದಿತು. ಹಾರ್ನು ಕೇಳಿಸಿತು. ಲಗಮಣ್ಣ ಬಂದವರನ್ನು ಇಳಿಸಿಕೊಳ್ಳಲು ಗೇಟಿನ ಕಡೆ ದೊಡ್ಡ ಹೆಜ್ಜೆ ಹಾಕಿದ. ಕಂಪೌಂಡರ ಒಂದೊಂದು ಹಾಳೆಯನ್ನೂ ಎರಡು ತುಂಡಾಗಿ ಹರಿಯತೊಡಗಿದ.